ಮರಳು, ಕಡತ, ಕಾಲುಮಗ್ಗಿ

1623ರ ನವೆಂಬರ್. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ ಬಂದ ತಂಡವೊಂದು ಘಟ್ಟ ಏರಿ ಇಕ್ಕೇರಿಯ ಕಡೆ ಹೊರಟಿತ್ತು. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಕಳಿಸಿದ ರಾಯಭಾರಿಯ ತಂಡ ಅದು. ಅದರ ಜತೆಯಲ್ಲಿ ರೋಮಿನವನೊಬ್ಬ ಇದ್ದ, ಪಿಯೆತ್ರೊ ದೆಲ್ಲಾ ವಾಲ್ಲೆ. ಅವನಿಗೆ ವ್ಯಾಪಾರವಿಲ್ಲ, ರಾಜಕಾರ್ಯವಿಲ್ಲ. ಕಂಡದ್ದನ್ನು ಗೆಳೆಯನಿಗೆ ಪತ್ರದಲ್ಲಿ ಬರೆಯುವುದೇ ಕೆಲಸ. ಘಟ್ಟದ ಮೇಲೆ ಹೊರೆಯಾಳುಗಳು ಸಾಮಾನು ಕಟ್ಟುವುದು ತಡವಾಯಿತು. ಕಾಯುತ್ತ ಗುಡಿಯೊಂದರ ಜಗುಲಿಯಲ್ಲಿ ಕೂತವನ ಕಣ್ಣಿಗೆ ನಾಲ್ವರು ಸಣ್ಣ ಹುಡುಗರು ಬಿದ್ದರು.

ಹುಡುಗರು ಲೆಕ್ಕ ಕಲಿಯುತ್ತಿದ್ದರು. ಜಗುಲಿಯ ನೆಲದ ತುಂಬ ನಯವಾದ ಮರಳು ಹರಡಿತ್ತು. ಒಬ್ಬ ಹುಡುಗ ಒಂದೇ ಧಾಟಿಯಲ್ಲಿ ರಾಗ ಎಳೆದು ಪಾಠದ ಒಂದು ತುಣುಕು ಹೇಳುವನು, ಹೇಳುತ್ತ ಹೇಳುತ್ತಲೇ ಆ ಅಂಕಿಯನ್ನು ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಂಗೈಯಲ್ಲಿ ಒರೆಸಿ, ಪಕ್ಕದ ಗುಡ್ಡೆಯಿಂದ ಹೊಸ ಮರಳು ಚೆಲ್ಲಿ ಮುಂದುವರಿಸುವರು. ಅಕ್ಷರವನ್ನೂ ತಾವು ಹೀಗೆಯೇ ಕಲಿತದ್ದೆಂದು ಅವರು ಹೇಳಿದರು. ಗುರು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ದೆಲ್ಲಾ ವಾಲ್ಲೆ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಹೇಗೆ ಸಾಧ್ಯ, ಒಬ್ಬ ಮರೆತದ್ದು ಇನ್ನೊಬ್ಬನ ಬಾಯಲ್ಲಿ ಇರುತ್ತದಲ್ಲ ಎಂದು ಹುಡುಗರು ಉತ್ತರಿಸಿದರು. ಪರದೇಶಿ ತಲೆದೂಗಿ ಅದನ್ನೂ ಪತ್ರದಲ್ಲಿ ಬರೆದ.

ಅವನು ಇಟಾಲಿಯನ್ನಿನಲ್ಲಿ ಬರೆದಿಟ್ಟ ಆ ಪಾಠದ ಮಾದರಿ, ಒಂದು ಅದರಷ್ಟಕ್ಕೆ ಒಂದು, ಎರಡು ಅದರಷ್ಟಕ್ಕೆ ಎರಡು ಎಂಬಂಥದ್ದು. ಕನ್ನಡ ಕಿವಿಗೆ ಅದು ಮಗ್ಗಿಯಂತೆಯೇ ಕೇಳುತ್ತದೆ. ಒಂದೊಂದ್ಲ ಒಂದು, ಒಂದೆರಡ್ಲ ಎರಡು ಎಂದು ಎರಡನೇ ತರಗತಿಯ ಮಕ್ಕಳು ಈಗಲೂ ತೂಗಾಡುತ್ತ ಹೇಳುವುದರ ಮುತ್ತಜ್ಜನನ್ನು ಆ ಪ್ರವಾಸಿ ಘಟ್ಟದ ಮೇಲೆ ಕಂಡಿದ್ದ ಎಂದುಕೊಂಡರೆ ತಪ್ಪೇನಿಲ್ಲ.

ರಾಜರ ಚರಿತ್ರೆಗೆ ಶಾಸನಗಳಿವೆ, ಪಂಡಿತರ ಚರಿತ್ರೆಗೆ ಗ್ರಂಥಗಳಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದನೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಆದರೆ ಏಳು ವರ್ಷದ ಹುಡುಗ ಮಠದಲ್ಲಿ ಕೂತು ಏನು ಕಲಿಯುತ್ತಿದ್ದ, ಯಾವುದರ ಮೇಲೆ ಬರೆಯುತ್ತಿದ್ದ, ಯಾವಾಗ ಏಟು ತಿನ್ನುತ್ತಿದ್ದ ಎಂಬುದನ್ನು ಬರೆದಿಡುವಷ್ಟು ದೊಡ್ಡ ಸಂಗತಿಯೆಂದು ಯಾರೂ ಎಣಿಸಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆಯುವವರು ಯಾರು? ಹಾಗಾಗಿ ಇದನ್ನೆಲ್ಲ ಹುಡುಕುತ್ತ ಹೋದರೆ ಸಿಗುವವರು ಬಹುಪಾಲು ಹೊರಗಿನವರು.

ದೆಲ್ಲಾ ವಾಲ್ಲೆಯ ನಂತರ ಸರಿಯಾಗಿ ಇನ್ನೂರು ವರ್ಷಕ್ಕೆ, 1823ರ ಆಗಸ್ಟ್ 17ರಂದು, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಲ್ಲೂ ಊರ ಶಾಲೆಗಳ ಲೆಕ್ಕ ತೆಗೆಯಲು ಹೇಳಿದ್ದ. ಹಲವು ಕಲೆಕ್ಟರುಗಳು ಕೋಷ್ಟಕ ತುಂಬಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ ಹಾಗಲ್ಲ, ತೆಲುಗು ವ್ಯಾಕರಣ ಬರೆದ ಮನುಷ್ಯ, ಭಾಷೆಯ ಗೀಳಿನವನು. ಶಾಲೆಯ ಬಾಗಿಲು ತೆಗೆಯುವ ಹೊತ್ತಿನಿಂದ ಹಿಡಿದು ಬಳಪದ ಗುಣದವರೆಗೆ ಬರೆದ. ಕನ್ನಡ ನಾಡಿನ ಕೂಲಿಮಠದ ಒಳಗನ್ನು ನಾವಿಂದು ನೋಡುವುದು ಹೆಚ್ಚಾಗಿ ಅವನ ಆ ಕಾಗದದ ಕಿಂಡಿಯಿಂದ.

ಕೂಲಿಮಠ ಎಂಬ ಹೆಸರಲ್ಲೇ ಅದರ ಲೆಕ್ಕಾಚಾರವಿದೆ. ಮಕ್ಕಳ ಮನೆಯವರು ಕೊಡುವ ಕೂಲಿಯ ಮೇಲೆ ನಡೆಯುವ ಮಠ. ಕಲಿಸುವವನು ಅಯ್ಯ, ಇಲ್ಲವೇ ಐಗಳು. ಗುಡಿಯ ಜಗುಲಿ, ಚಾವಡಿ, ಯಾರದೋ ಪಡಸಾಲೆ, ನೆರಳಿದ್ದಲ್ಲಿ ಶಾಲೆ. ಈಗಿನಂತೆ ಜೂನ್ ತಿಂಗಳ ಭರ್ತಿ ಇಲ್ಲ, ವರ್ಷಕ್ಕೊಂದು ತರಗತಿ ಇಲ್ಲ. ಕ್ಯಾಂಪ್‌ಬೆಲ್ ಕಂಡ ಮಠಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು. ಹುಡುಗ ತನ್ನ ಬುದ್ಧಿಯ ಓಟಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದ. ಐದು ವರ್ಷಕ್ಕೆ ಮನೆಗೇ ಅಯ್ಯನನ್ನೂ ಮಠದ ಮಕ್ಕಳನ್ನೂ ಕರೆಸಿ, ಗಣಪತಿಯ ಮುಂದೆ ಕೂರಿಸಿ, ಅಕ್ಕಿಯ ಮೇಲೆ ಬೆರಳು ಹಿಡಿಸಿ ದೇವರ ಹೆಸರು ಬರೆಸುವುದು. ಮಾರನೇ ಬೆಳಗಿನಿಂದ ಅಕ್ಕಿ ಹೋಗಿ ಮರಳು. ಅಲ್ಲಿಗೆ ಓನಾಮ ಮುಗಿಯಿತು. ಮರಳಿನ ಮೇಲೆ ಬೆರಳು ಪಳಗಿದ ಹುಡುಗನಿಗೆ ಬಡ್ತಿ ಸಿಗುತ್ತಿತ್ತು: ಅವನು ಹಲಗೆಗೆ, ಕಡತಕ್ಕೆ ಏರುತ್ತಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನೇ ಎರಡನೇ ತರಗತಿಯ ಹುಡುಗ.

ಹಲಗೆಯೆಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ನುಣುಪಾದ ಮರದ ತುಂಡು. ಅನ್ನವನ್ನೂ ಇದ್ದಿಲ ಪುಡಿಯನ್ನೂ ಅರೆದು ಬಳಿದರೆ ಕಪ್ಪು ಹಲಗೆ ಸಿದ್ಧ. ಕಡತ ಅದಕ್ಕಿಂತ ಜಾಣತನದ್ದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಅದರ ಅಳತೆ ಕೊಟ್ಟಿದ್ದಾನೆ: ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ. ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಮೈಗೆ ಮೆತ್ತಿ, ಒಣಗಿದ ಮೇಲೆ ಕತ್ತರಿಸದೆ ಒಂದೇ ಅಳತೆಗೆ ಮಡಿಸುತ್ತ ಹೋಗುವುದು. ತುದಿಯ ಎರಡು ಮಡಿಕೆಗೆ ಬಣ್ಣ ಹಚ್ಚಿದ ಮರದ ಹಲ್ಲೆ. ಬಿಚ್ಚಿದರೆ ಉದ್ದನೆಯ ಕರಿ ಪಟ್ಟಿ, ಮಡಿಸಿದರೆ ಪುಸ್ತಕ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಒರೆಸದಿದ್ದರೆ ಬರಹ ಬಹುಕಾಲ ಬಾಳುತ್ತದೆ. ಅಂಗಡಿಯವನ ಬಾಕಿ ಲೆಕ್ಕವೂ ಕಡತದಲ್ಲೇ, ಶೃಂಗೇರಿ ಮಠದ ವ್ಯವಹಾರವೂ ಕಡತದಲ್ಲೇ. ಅಲ್ಲಿನ ಕಡತಗಳು ಇತಿಹಾಸಕಾರರಿಗೆ ಇವತ್ತಿಗೂ ಆಕರ.

ಬಟ್ಟೆ ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ವಿಧಾನಸೌಧ ಸೇರಿ ಗಟ್ಟಿಯಾಗಿ ಕೂತಿದೆ. ಸರ್ಕಾರಿ ಕನ್ನಡದಲ್ಲಿ ಫೈಲಿಗೆ ಕಡತವೆಂದೇ ಹೆಸರು, ಅದು ಮೇಜಿನಿಂದ ಮೇಜಿಗೆ ನಿಧಾನವಾಗಿ ನಡೆಯುತ್ತದೆ. ಅದರ ಮೂಲ ಏಳು ವರ್ಷದ ಹುಡುಗನ ಕಂಕುಳಲ್ಲಿತ್ತು ಎಂದರೆ ಗುಮಾಸ್ತರು ನಂಬಲಾರರು.

ಬರೆಯಲು ಬಳಪ. ಕ್ಯಾಂಪ್‌ಬೆಲ್ ಅದನ್ನು ಬಿಳಿ ಜೇಡಿಯಂಥ ವಸ್ತುವೆಂದು ತಿಳಿದ. ವಿಲ್ಕ್ಸ್ ಹೆಚ್ಚು ಸರಿಯಾಗಿ ನೋಡಿದ್ದ, ಅದು ಕಲ್ಲು. ಉಗುರು ಊರಿದರೆ ಗೀರು ಬೀಳುವ, ಮುಟ್ಟಿದರೆ ಸಾಬೂನಿನಂತೆ ಜಾರುವ ಮೆತು ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಗಡುಸಾಗುತ್ತದೆಂದು ಹೊಯ್ಸಳ ಶಿಲ್ಪಿಗಳು ಮೆಚ್ಚಿದ್ದು ಇದರ ಬಳಗವನ್ನೇ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ ಗುಡಿಯ ಕಲ್ಲಿಗೂ ಬಳಪದ ಕಲ್ಲೆಂದೇ ಹೆಸರು. ಒಂದೇ ಕಲ್ಲಿನ ಮನೆತನ. ಒಂದು ಕಡೆ ಮದನಿಕೆಯ ಕೈಬಳೆ, ಇನ್ನೊಂದು ಕಡೆ ಕ ಕಾ ಕಿ ಕೀ.

ಬೆಳಗಿನ ಆರಕ್ಕೆ ಮಠ ಶುರು. ಮೊದಲು ಬಂದವನ ಅಂಗೈ ಮೇಲೆ ಅಯ್ಯ ಸರಸ್ವತಿಯ ಹೆಸರು ಬರೆಯುತ್ತಿದ್ದ. ಎರಡನೆಯವನ ಅಂಗೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಹಗುರ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವ ಲೆಕ್ಕ. ಒಂದು ಮಠಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಕೊನೆಯವನಿಗೆ ಹತ್ತು ಏಟು ಬೀಳುತ್ತಿತ್ತು. ಸಂಕಲನ ಕಲಿಸಲು ಬೇರೆ ಉದಾಹರಣೆ ಬೇಕಿರಲಿಲ್ಲ. ಕಳ್ಳಾಟದವನನ್ನು ಮಾಡಿನ ತೊಲೆಗೆ ಹಗ್ಗ ಹಾಕಿ ಎರಡೂ ಕೈ ಕಟ್ಟಿ ತೂಗಿಸುವುದೂ ಇತ್ತು. ಹಳಬರು ಅದಕ್ಕೆ ಕೋದಂಡ ಎನ್ನುತ್ತಿದ್ದರು. ಬಸ್ಕಿ ಹೊಡೆಸುವ ಶಿಕ್ಷೆಯನ್ನು ವಿವರಿಸಿ ಕ್ಯಾಂಪ್‌ಬೆಲ್, ತುಂಬ ನೋವಿನದಾದರೂ ಮೈಗೆ ಒಳ್ಳೆಯದಿರಬಹುದು ಎಂದು ಒಂದು ಮಾತು ಸೇರಿಸಿದ. ಹೊಡೆಸಿಕೊಂಡವರನ್ನು ಕೇಳಿ ಬರೆದದ್ದಲ್ಲ ಅದು.

ಅಕ್ಷರ ಬಂದ ಮೇಲೆ ಕಾಗುಣಿತ. ಯುರೋಪಿನವರಂತೆ ಬಾಯಲ್ಲಿ ಹೇಳಿ ಆಮೇಲೆ ಬರೆಯುವ ಕ್ರಮವಲ್ಲ ಇದು, ಬರೆಯುತ್ತಲೇ ಹೇಳುವುದು ಎಂಬುದನ್ನು ಕಲೆಕ್ಟರ್ ವಿಶೇಷವಾಗಿ ಗುರುತಿಸಿದ. ಅವನಿಗೆ ಕಾಣದ ಇನ್ನೊಂದು ಸೊಗಸು ಆ ಬಾಯಿಪಾಠದ ಹೆಸರುಗಳಲ್ಲಿದೆ. ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕ ಕೊಂಬು ಕು, ಕೊಂಬಿನಿಳಿ ಕೂ. ನೆತ್ತಿಯ ಮೇಲಿನ ಗೆರೆ ತಲೆಕಟ್ಟು, ಕೆಳಕ್ಕೆ ಜಾರಿದ್ದು ಇಳಿ, ಪಕ್ಕದಲ್ಲಿ ಡೊಂಕಾಗಿ ನಿಂತದ್ದು ಕೊಂಬು, ಸುತ್ತಿಕೊಂಡದ್ದು ವಟ್ರಸುಳಿ. ವ್ಯಾಕರಣದ ಸಂಸ್ಕೃತ ಒಂದು ಕಡೆ ಇರಲಿ, ದನ ಕರು ಗುಡಿಸಲುಗಳ ನಡುವಿನ ಹುಡುಗನಿಗೆ ಕಣ್ಣಿಗೆ ಕಂಡದ್ದನ್ನೇ ಹೆಸರಾಗಿ ಕೊಟ್ಟ ಯಾವುದೋ ಕಾಲದ ಯಾವನೋ ಅಯ್ಯ ಗಟ್ಟಿಗ. ಇವತ್ತಿಗೂ ಎರಡನೇ ತರಗತಿಯಲ್ಲಿ ಮಕ್ಕಳು ಎಡವುವುದು ಇಲ್ಲೇ: ಕಾಗುಣಿತ ದಾಟಿ ಒತ್ತಕ್ಷರಕ್ಕೆ ಕಾಲಿಡುವ ಹೊತ್ತಿನಲ್ಲಿ. ಆಮೇಲೆ ಮನುಷ್ಯರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು ಬರೆಸುತ್ತಿದ್ದರು. ಅಷ್ಟಾದ ಮೇಲೆ ಅಂಕಿ.

ಕೂಲಿಮಠದ ಜೀವಾಳ ಇದ್ದದ್ದು ಅಂಕಿಯಲ್ಲೇ. ಒಂದರಿಂದ ನೂರು, ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಹಣದ ಕೂಡು-ಕಳೆ, ತೂಕ ಅಳತೆಗಳ ಪರಿವರ್ತನೆ. ದಿನಕ್ಕೆರಡು ಬಾರಿ ಮಕ್ಕಳೆಲ್ಲ ಸಾಲಾಗಿ ಎದ್ದು ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟದ್ದನ್ನು ಒಟ್ಟಿಗೆ ಒಪ್ಪಿಸಬೇಕು. ಕ್ಯಾಂಪ್‌ಬೆಲ್‌ಗೆ ಅಚ್ಚರಿಯಾದದ್ದು ಭಿನ್ನರಾಶಿ. ತಮ್ಮಲ್ಲಿ ಹತ್ತು ಹತ್ತಾಗಿ ಒಡೆಯುತ್ತಾರೆ, ಇಲ್ಲಿ ನಾಲ್ಕು ನಾಲ್ಕಾಗಿ ಒಡೆಯುತ್ತ ಬಹು ಆಳಕ್ಕೆ ಇಳಿಯುತ್ತಾರೆ ಎಂದು ಬರೆದ.

ಇಳಿಯುವುದೆಂದರೆ ಹೀಗೆ. ಒಂದರ ಕಾಲು ಭಾಗ ಕಾಲು. ಕಾಲಿನ ಕಾಲು ವೀಸ, ಅಂದರೆ ಹದಿನಾರರಲ್ಲೊಂದು. ವೀಸದ ಕಾಲು ಕಾಣಿ, ಅರವತ್ನಾಲ್ಕರಲ್ಲೊಂದು. ನಡುನಡುವೆ ಅರ್ಧಗಳು. ಹಳೆಯ ಹಣದ ಲೆಕ್ಕದಲ್ಲಿ ಹಣದ ಅರೆ ಅಡ್ಡ, ಅಡ್ಡದ ಅರೆ ಹಾಗ, ಹಾಗದ ಅರೆ ಬೇಳೆ, ಬೇಳೆಯ ಅರೆ ವೀಸ. ಬರೆಯುವುದೂ ಸುಲಭ: ನಿಂತ ಗೀಟು ಒಂದಾದರೆ ಕಾಲು, ಎರಡಾದರೆ ಅರೆ, ಮೂರಾದರೆ ಮುಕ್ಕಾಲು, ಅದಕ್ಕೂ ಸಣ್ಣದಕ್ಕೆ ಓರೆ ಗೀಟುಗಳು. ಇದರ ಮೇಲೆ ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿ, ಒಂದೂಕಾಲು ಮಗ್ಗಿ, ಒಂದೂವರೆ ಮಗ್ಗಿ. ಮರಾಠಿಯ ನೆರಳಿದ್ದ ಮುಂಬಯಿ ಕರ್ನಾಟಕದಲ್ಲಿ ಇವುಗಳ ನೆಂಟರು ಸವಾಯಕಿ, ದೀಡಕಿ.

ಏಳೆಂಟು ವರ್ಷದ ಮಗುವಿಗೆ ಮುಕ್ಕಾಲಿನ ಮಗ್ಗಿ ಯಾಕೆ ಬೇಕಿತ್ತು? ಸಂತೆಗೆ ಹೋದರೆ ಗೊತ್ತಾಗುತ್ತಿತ್ತು. ಮಣಕ್ಕೆ ಮೂರೂಮುಕ್ಕಾಲು ರೂಪಾಯಿಯಂತೆ ಆರು ಮಣ ಬೆಲ್ಲ ಎಂದುಕೊಳ್ಳಿ. ಕೂಲಿಮಠದ ಹುಡುಗ ಬಳಪ ಹಿಡಿಯುವುದಿಲ್ಲ. ಆರು ಮೂರ್ಲ ಹದಿನೆಂಟು; ಆರು ಮುಕ್ಕಾಲು ನಾಲ್ಕೂವರೆ; ಇಪ್ಪತ್ತೆರಡೂವರೆ. ದಲ್ಲಾಳಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದರೊಳಗೆ ಉತ್ತರ ನಾಲಗೆಯ ಮೇಲಿರುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಎರಡು ಪಾವಿಗೆ ಒಂದು ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು, ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು. ಈ ಸಂಖ್ಯೆಗಳು ಸುಮ್ಮನೆ ಹುಟ್ಟಿದವಲ್ಲ. ಹದಿನಾರನ್ನು ಅರ್ಧ ಮಾಡಿ, ಅದರ ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಾಡಿದರೂ ಇಡಿಯಾಗಿಯೇ ಇರುತ್ತದೆ. ನೂರಕ್ಕೆ ಆ ಗುಣವಿಲ್ಲ. ಐವತ್ತು, ಇಪ್ಪತ್ತೈದು, ಅಲ್ಲಿಗೆ ಅದು ಮುಗ್ಗರಿಸಿ ಹನ್ನೆರಡೂವರೆಗೆ ಬೀಳುತ್ತದೆ. ಬೆಲ್ಲದಚ್ಚನ್ನು ಕಲ್ಲಿನಿಂದ ಎರಡು ಹೋಳು, ನಾಲ್ಕು ಹೋಳು ಮಾಡುವ ಅಂಗಡಿಯವನ ಕೈಯೇ ಮಠದ ಪಠ್ಯಕ್ರಮ ಬರೆದಿತ್ತು ಎನ್ನಬೇಕು. ಸಂತೆಯಲ್ಲಿ ನಡೆಯುವ ನಾಣ್ಯ, ಮನೆಯಲ್ಲಿರುವ ಅಳತೆಪಾವು, ಇವೆರಡನ್ನು ಬಿಟ್ಟು ಬೇರೆ ಗಣಿತ ಮಗುವಿಗೆ ಇರಲಿಲ್ಲ.

ದೊಡ್ಡ ಗುಂಪಿನವರಿಗೆ ರಾಮಾಯಣ, ಭಾರತ, ಭಾಗವತ; ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣವೂ ಸೇರಿ; ಮೋಜಿಗೆ ಪಂಚತಂತ್ರ, ಬೇತಾಳನ ಕಥೆ. ಬೇರೆ ಬೇರೆ ಕೈಬರಹದ ಹಳೇ ಕಾಗದಗಳನ್ನು ಅಯ್ಯ ಎಲ್ಲೆಲ್ಲಿಂದಲೋ ತಂದು ಓದಿಸುತ್ತಿದ್ದ, ಕರಾರುಪತ್ರ ಬರೆಯುವುದನ್ನು ಕಲಿಸುತ್ತಿದ್ದ. ಹಳೆಗಾವ್ಯವನ್ನು ಮಕ್ಕಳು ಅರ್ಥವಾಗದೆ ಗಿಳಿಪಾಠ ಒಪ್ಪಿಸುತ್ತಾರೆ ಎಂಬ ದೂರು ಕ್ಯಾಂಪ್‌ಬೆಲ್‌ನದು. ಆ ದೂರಿಗೂ ಈಗ ಇನ್ನೂರು ವರ್ಷ. ಶಿಕ್ಷಕರ ಸಭೆಗಳಲ್ಲಿ ಇನ್ನೂ ಅದೇ ಕೇಳಿಸುತ್ತದೆ.

ಆದರೆ ಈ ಚಿತ್ರವನ್ನು ನೋಡಿ ಉಬ್ಬುವ ಮೊದಲು ಅದೇ ವರದಿಯ ಅಂಕಿಗಳನ್ನು ಓದಬೇಕು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, 1882ರಲ್ಲಿ ಬೇರೆಯಾದ ಅನಂತಪುರವೂ ಅದರೊಳಗೇ ಇತ್ತು, ಜನಸಂಖ್ಯೆ 9,27,857. ಶಾಲೆಗಳು 533. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರ್ಸಿ, ತಮಿಳು, ಸಂಸ್ಕೃತ. ಇಂಗ್ಲಿಷಿನದು ಒಂದೇ ಒಂದು. ಓದುವವರು 6,641. ಸಾವಿರಕ್ಕೆ ಏಳು. ಅವರಲ್ಲಿ ಹೆಣ್ಣುಮಕ್ಕಳು ಅರವತ್ತು, ಇಡೀ ಜಿಲ್ಲೆಗೆ ಅರವತ್ತು. ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರೆಂದು ಬರೆದವರು 2,998, ಇತರ ಜಾತಿಯವರು 1,174, ಮುಸಲ್ಮಾನರು 243. ಕೂಲಿಮಠ ಬ್ರಾಹ್ಮಣರ ಸೊತ್ತಾಗಿತ್ತು ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಊರಿನ ಮಕ್ಕಳೆಲ್ಲ ಅಲ್ಲಿ ಓದುತ್ತಿದ್ದರು ಎಂಬ ಮಾತೂ ನಿಲ್ಲುವುದಿಲ್ಲ.

ಶಾಲೆಗಳು ಹಿಂದೆ ಹೆಚ್ಚಿದ್ದವು, ಈಗ ಸೊರಗಿವೆ ಎಂದು ಬರೆದು ಕಲೆಕ್ಟರ್ ಕಾರಣವನ್ನೂ ಹೇಳಿದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಖಾಲಿಯಾಗಿದೆ, ಅಯ್ಯನಿಗೆ ಕೊಡಲು ಅಪ್ಪಂದಿರ ಬಳಿ ಕಾಸಿಲ್ಲ. ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ ಎಂದು ತನ್ನ ಸರ್ಕಾರಕ್ಕೇ ಬರೆದ. ವರದಿ ಬೋರ್ಡಿನ ದಫ್ತರ ಸೇರಿತು. 1983ರಲ್ಲಿ ಧರಂಪಾಲ್ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ಮತ್ತೆ ಮಾತಿಗೆ ಬಂತು, ಜಗಳಕ್ಕೂ ಬಂತು.

ವರ್ಷದಲ್ಲಿ ಮಠಕ್ಕೆ ದೊಡ್ಡ ಬಿಡುವು ಮಹಾನವಮಿಗೆ, ಹಳ್ಳಿಯ ಬಾಯಲ್ಲಿ ಮಾನೋಮಿ. ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ಹೊತ್ತು. ಆ ಬಿಡುವಿಗೆ ಮುಂಚೆ ಮಠದಲ್ಲಿ ಮಗ್ಗಿಯ ಜತೆಗೆ ಇನ್ನೊಂದು ಪಾಠವಿರುತ್ತಿತ್ತು: ಚೌಪದ. ನಾಲ್ಕು ಸಾಲಿನ ಪದಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಹಬ್ಬದಲ್ಲಿ ಅವರಿಗೆ ಸಿಂಗಾರ ಮಾಡಿಸಿ, ಅಯ್ಯ ಮನೆಮನೆಗೆ ಮೆರವಣಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಅಂಗಳದಲ್ಲಿ ನಿಂತು ಹಾಡಿ ಮನೆಯವರನ್ನು ಹರಸುವರು. ಅಯ್ಯನ ತಟ್ಟೆಗೆ ದುಡ್ಡು, ಮಕ್ಕಳ ಕೈಗೆ ಪುಟಾಣಿ ಬೆಲ್ಲ. ತೆಲುಗು ಮಠದ ಹುಡುಗರಿಗೆ ಇದೇ ಸುತ್ತಾಟಕ್ಕೆ ಬಣ್ಣದ ಕಾಗದದ ಬಿಲ್ಲು ಬಾಣವೂ ಇತ್ತು. ಕೂಲಿ ಸರಿಯಾಗಿ ಬಾರದ ಅಯ್ಯನಿಗೆ ವರ್ಷದ ಬಾಕಿ ವಸೂಲಿಗೆ ಇದಕ್ಕಿಂತ ಮರ್ಯಾದೆಯ ದಾರಿ ಇರಲಿಲ್ಲ; ಹಾಡುವ ಮಕ್ಕಳ ಮುಂದೆ ಯಾವ ಯಜಮಾನ ಇಲ್ಲವೆನ್ನುತ್ತಾನೆ? ಸರಸ್ವತಿ ಪೂಜೆಗೆ ಪುಸ್ತಕ, ಕಡತ, ಬಳಪ ಎಲ್ಲ ದೇವರ ಮುಂದೆ. ವಿಜಯದಶಮಿಯವರೆಗೆ ಅವನ್ನು ಮುಟ್ಟಕೂಡದು. ಮಕ್ಕಳು ಮನಸಾರೆ ಪಾಲಿಸಿದ ಶಾಸ್ತ್ರಗಳಲ್ಲಿ ಇದು ಮೊದಲನೆಯದು.

ಮರಳಿನ ಪಾಠ ಅಷ್ಟರಲ್ಲಿ ಕಡಲು ದಾಟಿ ಹೋಗಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮವೊಂದಿತ್ತು. 1789ರಲ್ಲಿ ಅದರ ಹೊಣೆ ಹೊತ್ತ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ದಾರಿಯಲ್ಲಿ ಊರ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡು ತನ್ನ ಶಾಲೆಗೂ ಅದನ್ನು ತಂದ. ಅಲ್ಲಿನ ಉಪಾಧ್ಯಾಯರು ಮೂಗು ಮುರಿದರು. ಬೆಲ್ ಅವರನ್ನು ಬಿಟ್ಟು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನೇ ಕೆಳಗಿನವರಿಗೆ ಮೇಷ್ಟ್ರಾಗಿ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಕಥೆ ಅಚ್ಚಾಯಿತು. ಮಕ್ಕಳೇ ಮಕ್ಕಳಿಗೆ ಕಲಿಸುವ ‘ಮದರಾಸ್ ಪದ್ಧತಿ’ ಇಂಗ್ಲೆಂಡಿನ ಬಡವರ ಶಾಲೆಗಳಲ್ಲಿ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಬೆಲ್ ಬಿಟ್ಟುಹೋದ ಹಣದಲ್ಲಿ ಕಟ್ಟಿದ ಶಾಲೆಗೆ ಇಂದಿಗೂ ಮದರಾಸ್ ಕಾಲೇಜ್ ಎಂದೇ ಹೆಸರು. ಇಂಗ್ಲೆಂಡ್ ನಕಲು ಮಾಡಿದ್ದಕ್ಕೆ ತಕ್ಕುದಾದ ಪದ್ಧತಿಯೇ ಇದು ಎಂದು ಕ್ಯಾಂಪ್‌ಬೆಲ್ ಕೂಡ ಒಪ್ಪಿದ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಸರ್ಕಾರಿ ಶಾಲೆಗಳು ಬಂದವು. ಮೈಸೂರಿನಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಗೆ 1868ರಲ್ಲಿ ಒಪ್ಪಿಗೆ ಸಿಕ್ಕಿತು. ಶಾಸನಗಳ ರೈಸ್ ಎಂದೇ ನಾಡು ನೆನೆಯುವ ಮನುಷ್ಯ ಹಳ್ಳಿ ಹುಡುಗರ ಶಾಲೆಯನ್ನೂ ಕಟ್ಟಿದವನು. ಧಾರವಾಡದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಮಾಸ್ತರರನ್ನು ತಯಾರು ಮಾಡುವ ಕೆಲಸ ಹೊತ್ತರು. 1865ರಲ್ಲಿ ಅಲ್ಲಿ ಹೊರಟ ಶಿಕ್ಷಕರ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಶಾಲೆಯೆಂದರೆ ಜನರ ಬಾಯಲ್ಲಿ ಇನ್ನೂ ಮಠವೇ ಆಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಪತ್ರಿಕೆಯ ಮುಂದುವರಿಕೆಯೇ ಈಗಿನ ‘ಜೀವನ ಶಿಕ್ಷಣ’. ವರ್ಷಕ್ಕೊಂದು ಮೆಟ್ಟಿಲು, ಮೆಟ್ಟಿಲಿಗೊಂದು ಪುಸ್ತಕ ಎಂಬ ಕ್ರಮ ನಿಂತಿತು; ಎರಡನೆಯ ಇಯತ್ತೆ, ಎರಡನೆಯ ಪುಸ್ತಕ. ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಶಾಲಾ ತನಿಖಾಧಿಕಾರಿಯಾಗಿ ಹಳ್ಳಿಹಳ್ಳಿ ತಿರುಗಿ, ಆ ಪುಸ್ತಕಗಳಿಗೆ ಮಕ್ಕಳ ಬಾಯಿಗೆ ಒಗ್ಗುವ ಪದ್ಯ ಬರೆದರು. ಕಡತದ ಜಾಗಕ್ಕೆ ಮರದ ಚೌಕಟ್ಟಿನ ಕಲ್ಲು ಪಾಟಿ ಬಂತು, ಪಾಟಿಚೀಲ ಹೆಗಲೇರಿತು. ಒದ್ದೆ ಬಟ್ಟೆಯ ಕೆಲಸವನ್ನು ಕರಾವಳಿಯ ಮಕ್ಕಳು ಬೇಲಿಬದಿಯ ನೀರುಕಡ್ಡಿಗೆ ವಹಿಸಿದರು, ಉಳಿದವರು ಎಂಜಲಿಗೆ.

ಇಷ್ಟೆಲ್ಲ ಬದಲಾದರೂ ಕಾಲುಮಗ್ಗಿ ಅಲುಗಲಿಲ್ಲ. ಇನ್ಸ್‌ಪೆಕ್ಟರ್ ಬಂದರೆ ಮಾಸ್ತರು ಎಬ್ಬಿಸಿ ನಿಲ್ಲಿಸುತ್ತಿದ್ದದ್ದು ಒಂದೂಕಾಲು ಮಗ್ಗಿ ಹೇಳುವ ಹುಡುಗನನ್ನೇ. ಅದನ್ನು ಕೊಂದದ್ದು ಯಾವ ಶಿಕ್ಷಣ ತಜ್ಞನೂ ಅಲ್ಲ, ಒಂದು ನಾಣ್ಯ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೊಗ್ರಾಂ, ಮೀಟರು, ಬಳಿಕ ಲೀಟರು. ಸೇರು, ಪಾವು, ಚಟಾಕು, ಮಣಗಳು ಅಂಗಡಿಯಿಂದ ಇಳಿದವು. ಅಂಗಡಿಯಲ್ಲಿಲ್ಲದ ಮಗ್ಗಿ ಶಾಲೆಯಲ್ಲಿ ಎಷ್ಟು ದಿನ ಉಳಿದೀತು? ಹತ್ತು ಹತ್ತಾಗಿ ಒಡೆಯುವ ಕ್ಯಾಂಪ್‌ಬೆಲ್‌ನ ಲೆಕ್ಕವೇ ಕೊನೆಗೆ ಗೆದ್ದಿತು, ಅದೂ ಅವನ ದೇಶದ ನಾಣ್ಯ ದಶಮಾಂಶಕ್ಕೆ ತಿರುಗುವುದಕ್ಕೆ ಹದಿನಾಲ್ಕು ವರ್ಷ ಮುಂಚೆ. ಮುಕ್ಕಾಲುಮಗ್ಗಿ ಒಪ್ಪಿಸಬಲ್ಲ ಅಜ್ಜಂದಿರು ಮೊಮ್ಮಕ್ಕಳ ಕಣ್ಣಿಗೆ ಗಾರುಡಿಗರಾದರು. ಮಾತಿನಲ್ಲಿ ಮಾತ್ರ ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿ, ಐವತ್ತು ಎಂಟಾಣೆಯಾಗಿ, ಪೂರ್ತಿ ನಿಜ ಹದಿನಾರಾಣೆ ನಿಜವಾಗಿ ಉಳಿಯಿತು. ಆ ನಾಲ್ಕಾಣೆಯ ಚಲಾವಣೆಯೂ 2011ರ ಜೂನ್ 30ಕ್ಕೆ ನಿಂತಿತು.

ಈಗಿನ ಎರಡನೇ ತರಗತಿ ‘ನಲಿ-ಕಲಿ’ಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ಪದ್ಧತಿ. ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಮೇಷ್ಟ್ರುಗಳು ಕೂತು ರೂಪಿಸಿದ್ದು. ಅಲ್ಲಿ ಅಕ್ಷರಮಾಲೆ ಅ ಆ ಇ ಈ ಎಂದು ಹೊರಡುವುದಿಲ್ಲ. ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಬರೆಯಲು ಸುಲಭವಾದ, ಒಂದರ ಗೆರೆ ಇನ್ನೊಂದಕ್ಕೆ ಒದಗುವ ಅಕ್ಷರ ಮೊದಲು. ಗೋಡೆಯ ಮೇಲೆ ಕಲಿಕೆಯ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಮಗು ತನ್ನ ಓಟಕ್ಕೆ ತಕ್ಕಂತೆ ಏರುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಟ್ಟೆಗಳ ಸುತ್ತ ಕೂರುತ್ತಾರೆ. ಒಂದು ತಟ್ಟೆಗೆ ಮೇಷ್ಟ್ರ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಮುಂದಿರುವ ಮಗುವೇ ಹಿಂದಿರುವ ಮಗುವಿಗೆ ಹೇಳಿಕೊಡಬೇಕು. ಹೊಸ ಪದ್ಧತಿ ಎಂದು ಗೊಣಗಿದ ಪಾಲಕರುಂಟು, ಅ ಆ ಇ ಈ ಎಲ್ಲಿ ಎಂದು ಕೇಳಿದವರುಂಟು. ಘಟ್ಟದ ಗುಡಿಯ ನಾಲ್ವರು ಹುಡುಗರು ಆ ಕೋಣೆಗೆ ಬಂದಿದ್ದರೆ ನೇರವಾಗಿ ಮೂರನೇ ತಟ್ಟೆಯ ಮುಂದೆ ಕೂತುಬಿಡುತ್ತಿದ್ದರು.

ಎರಡನೇ ತರಗತಿಯ ಗಣಿತದಲ್ಲಿ ಅಳತೆಯ ಪಾಠವೊಂದಿದೆ. ಮಕ್ಕಳು ಬೆಂಚಿನ ಉದ್ದವನ್ನು ಗೇಣಿನಲ್ಲಿ, ಕೋಣೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಬರೆಯುತ್ತಾರೆ. ಒಬ್ಬಳದು ಒಂಬತ್ತು ಗೇಣು, ಪಕ್ಕದವನದು ಹನ್ನೊಂದು. ಯಾರದು ಸರಿ ಎಂದು ಸಣ್ಣ ಜಗಳವಾಗುತ್ತದೆ, ಆಗಲೆಂದೇ ಪಾಠ ಇರುವುದು. ಇದಕ್ಕೆ ಅಪ್ರಮಾಣಿತ ಅಳತೆ ಎಂದು ಹೆಸರು. ಮೂರನೆಯ ವರ್ಷಕ್ಕೆ ಮೀಟರು ಬಂದು ಎಲ್ಲವನ್ನೂ ಸರಿಮಾಡುತ್ತದೆ. ಶಾಲೆಯ ಗೇಟಿನ ಹೊರಗೆ ಸೇವಂತಿಗೆಯ ಬುಟ್ಟಿ ಇಟ್ಟುಕೊಂಡು ಕೂತವಳು, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹೂವಿನ ದಂಡೆ ಹಿಡಿದು ಒಂದು ಮೊಳ, ಎರಡು ಮೊಳ ಎಂದು ಎಣಿಸಿ ಕತ್ತರಿಸಿ ಕೊಡುತ್ತಾಳೆ. ಉದ್ದ ಕೈಯವಳ ಹತ್ತಿರವೇ ಹೆಂಗಸರ ಸಾಲು.